ದೂರ ಅಳೆಯುವ ಲೇಸರ್ ಉಪಕರಣ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು



ಕಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಎದುರಿನ ಮರ ಎಷ್ಟು ದೂರದಲ್ಲಿದೆ ಎಂದು ಅಂಕೆಯಲ್ಲಿ ತೋರಿಸುವ ಒಂದು ಉಪಕರಣ ಈಗ ಪೇಟೆಯಲ್ಲಿ ಸಿಗುತ್ತಿದೆ. ಇದಕ್ಕೆ ಲೇಸರ್ ರೇಂಜ್‌ಫೈಂಡರ್ ಎಂದು ಹೆಸರು. ಅದರ ಜಾಹೀರಾತಿನಲ್ಲಿ ಬಹುಪಾಲು ಜಿಂಕೆಯ ಚಿತ್ರವಿರುತ್ತದೆ. ಅಮೆರಿಕದಂತಹ ದೇಶಗಳಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವವರಿಗಾಗಿ ಮಾಡಿದ ಸಾಮಾನು ಇದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ತೋಟದವರಿಗೆ ಇದರಿಂದ ಏನು ಪ್ರಯೋಜನ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು, ಯಾವ ಕೆಲಸಕ್ಕೆ ಇದನ್ನು ನಂಬಬಾರದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಉಪಕರಣ ಎಷ್ಟು ದೂರ ನೋಡುತ್ತದೆ ಎಂಬುದನ್ನು ಕೇಳಿ ಕೊಳ್ಳುವವರೇ ಹೆಚ್ಚು. ಕೇಳಬೇಕಾದದ್ದು ಅದಲ್ಲ. ಅದು ಎಷ್ಟು ತಪ್ಪುತ್ತದೆ, ನಮ್ಮ ಕೆಲಸ ಎಷ್ಟು ತಪ್ಪನ್ನು ತಾಳುತ್ತದೆ ಎಂಬುದನ್ನು ಕೇಳಬೇಕು.

ಬೇಟೆಯ ವಿಷಯ

ನಮ್ಮ ದೇಶದಲ್ಲಿ ಜಿಂಕೆ ಬೇಟೆ ಅಪರಾಧ. ಮೈಸೂರು ಸಂಸ್ಥಾನದ ಕಾಲದಲ್ಲಿ ರಹದಾರಿ ಪಡೆದು ಬೇಟೆಯಾಡುವ ಪದ್ಧತಿ ಇದ್ದದ್ದು ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ಕಡಿವಾಣ ಬಿತ್ತು. 1991ರ ತಿದ್ದುಪಡಿಯ ನಂತರ ರಹದಾರಿ ಕೊಡುವ ಪದ್ಧತಿಯೂ ನಿಂತುಹೋಯಿತು. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ ಇವೆಲ್ಲವೂ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಕೋವಿಯಿಂದ ಹೊಡೆಯುವುದು ಮಾತ್ರ ಬೇಟೆ ಎಂದು ಕೆಲವರು ತಿಳಿದಿದ್ದಾರೆ. ಉರುಳು ಹಾಕುವುದು, ಬಲೆ ಒಡ್ಡುವುದು, ವಿಷವಿಡುವುದು, ಹಾಗೆ ಮಾಡಲು ಪ್ರಯತ್ನಿಸುವುದು ಕೂಡ ಕಾಯಿದೆಯ ಪ್ರಕಾರ ಬೇಟೆಯೇ ಆಗುತ್ತದೆ. ತೋಟ ನಮ್ಮದು, ಸಸಿ ನಮ್ಮದು ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ.

ಹಾಗಾದರೆ ಕಾಡಂಚಿನ ತೋಟದಲ್ಲಿ ಎಳೆ ಅಡಿಕೆ ಸಸಿಯನ್ನು ಮೇಯ್ದು ಹೋಗುವ ಪ್ರಾಣಿಗೆ ಏನು ಮಾಡಬೇಕು? ಬೇಲಿ ಹಾಕಬೇಕು, ಸಸಿಗೆ ಸುತ್ತುಬಲೆ ಕಟ್ಟಬೇಕು, ಹಾನಿಯಾದರೆ ಅರಣ್ಯ ಇಲಾಖೆಗೆ ಪರಿಹಾರಕ್ಕಾಗಿ ಅರ್ಜಿ ಕೊಡಬೇಕು. ಬೇಲಿ ಹಾಕುವುದಕ್ಕೆ ಸುತ್ತಳತೆ ಬೇಕಾಗುತ್ತದೆ. ಈ ಉಪಕರಣ ನಮ್ಮ ಕೆಲಸಕ್ಕೆ ಬರುವುದು ಇಂತಹ ಕಡೆಗಳಲ್ಲಿ.

ಉಪಕರಣ ಕೆಲಸ ಮಾಡುವ ಬಗೆ

ಬಾವಿಯ ಬಳಿ ನಿಂತು ಕೂಗಿದರೆ ಸ್ವಲ್ಪ ಹೊತ್ತಿಗೆ ಪ್ರತಿಧ್ವನಿ ಬರುತ್ತದೆ. ಹೊತ್ತು ಹೆಚ್ಚಾದಷ್ಟೂ ಆಳ ಹೆಚ್ಚು. ಲೇಸರ್ ಉಪಕರಣವೂ ಇದೇ ರೀತಿ ಕೆಲಸ ಮಾಡುತ್ತದೆ. ಇಲ್ಲಿ ಶಬ್ದದ ಬದಲು ಬೆಳಕು. ಉಪಕರಣದಿಂದ ಹೊರಟ ಬೆಳಕು ಮರಕ್ಕೆ ತಾಗಿ ಹಿಂತಿರುಗಲು ತೆಗೆದುಕೊಂಡ ಕಾಲವನ್ನು ಒಳಗಿನ ಗಡಿಯಾರ ಅಳೆದು ದೂರವನ್ನು ಲೆಕ್ಕ ಹಾಕುತ್ತದೆ.

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನೂರು ಮೀಟರ್ ದೂರದ ಮರಕ್ಕೆ ಹೋಗಿ ಬರಲು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಕಾಗುವುದಿಲ್ಲ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದೇ ಒಂದು ಪಾಲು ಗಡಿಯಾರ ತಪ್ಪಿದರೂ ಅಳತೆಯಲ್ಲಿ 15 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ಆದುದರಿಂದಲೇ ಬೇಟೆಗಾರರ ಉಪಕರಣಗಳಲ್ಲಿ ಸಾಮಾನ್ಯವಾಗಿ ಒಂದು ಮೀಟರ್ ಆಚೆ ಈಚೆ ಆಗಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಬೇಟೆಗಾರನಿಗೆ ಅಷ್ಟು ಸಾಕು. ನಮಗೆ ಸಾಕೇ ಎಂಬುದು ಪ್ರಶ್ನೆ.

ಎರಡು ಬಗೆಯ ಉಪಕರಣಗಳು

ಪೇಟೆಯಲ್ಲಿ ಎರಡು ಬಗೆಯವು ದೊರೆಯುತ್ತವೆ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಮೊದಲನೆಯದು ಕಟ್ಟಡದ ಮೇಸ್ತ್ರಿಗಳು ಉಪಯೋಗಿಸುವ ಲೇಸರ್ ಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. 40, 60 ಅಥವಾ 100 ಮೀಟರ್‌ವರೆಗೆ ಅಳೆಯುತ್ತದೆ. ತಪ್ಪು ಕೆಲವೇ ಮಿಲಿಮೀಟರ್. ಬೆಲೆಯೂ ಕಡಿಮೆ. ಇದರ ದೋಷವೆಂದರೆ, ಬಿಸಿಲಿನಲ್ಲಿ ಕೆಂಪು ಚುಕ್ಕೆ ಕಾಣುವುದಿಲ್ಲ. ಹತ್ತಿಪ್ಪತ್ತು ಮೀಟರ್ ದಾಟಿದರೆ ಬೆಳಕು ಎಲ್ಲಿ ಬಿದ್ದಿದೆ ಎಂದು ತಿಳಿಯುವುದೇ ಕಷ್ಟ. ಮುಂಜಾನೆ ಅಥವಾ ಸಂಜೆ, ಎದುರಿಗೆ ಒಂದು ಬಿಳಿ ಹಲಗೆ ಹಿಡಿಸಿಕೊಂಡು ಅಳೆಯಬೇಕಾಗುತ್ತದೆ.

ಎರಡನೆಯದು ಬೇಟೆಗಾರರ ಹಾಗೂ ಗಾಲ್ಫ್ ಆಟಗಾರರ ರೇಂಜ್‌ಫೈಂಡರ್. ಒಂಟಿ ಕಣ್ಣಿನ ದುರ್ಬೀನಿನಂತೆ ಇರುತ್ತದೆ. ಸಾಮಾನ್ಯವಾಗಿ ಆರು ಪಟ್ಟು ಹತ್ತಿರಕ್ಕೆ ತಂದು ತೋರಿಸುತ್ತದೆ. ಇದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಬಿಸಿಲಿನಲ್ಲೂ ನೂರಾರು ಮೀಟರ್ ಅಳೆಯುತ್ತದೆ. ಆದರೆ ತಪ್ಪು ಅರ್ಧದಿಂದ ಒಂದು ಮೀಟರ್. ತೀರ ಹತ್ತಿರದ, ಅಂದರೆ ನಾಲ್ಕೈದು ಮೀಟರಿನೊಳಗಿನ ವಸ್ತುವನ್ನು ಅನೇಕ ಉಪಕರಣಗಳು ಅಳೆಯುವುದೇ ಇಲ್ಲ.

ಪೆಟ್ಟಿಗೆಯ ಮೇಲಿನ ಅಂಕೆ

ಪೆಟ್ಟಿಗೆಯ ಮೇಲೆ 1000 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಮೀಟರೋ ಗಜವೋ ಮೊದಲು ನೋಡಿ. ಒಂದು ಗಜ ಎಂದರೆ 91 ಸೆಂಟಿಮೀಟರ್ ಚಿಲ್ಲರೆ. ಸಾವಿರ ಗಜ 914 ಮೀಟರ್ ಮಾತ್ರ. ಉಪಕರಣವನ್ನು ಗಜದಲ್ಲಿ ಇಟ್ಟುಕೊಂಡು ಮೀಟರ್ ಎಂದು ಬರೆದುಕೊಂಡರೆ ನೂರಕ್ಕೆ ಒಂಬತ್ತು ತಪ್ಪಾಗುತ್ತದೆ.

ಇದಲ್ಲದೆ ಆ ದೊಡ್ಡ ಅಂಕೆ ಹೊಳೆಯುವ ಫಲಕಕ್ಕೆ ಸಂಬಂಧಿಸಿದ್ದು. ಒಳಗಿನ ಕಾಗದವನ್ನು ಬಿಡಿಸಿ ನೋಡಿದರೆ, ಒಳ್ಳೆಯ ತಯಾರಕರು ಮೂರು ಅಂಕೆಗಳನ್ನು ಬೇರೆ ಬೇರೆ ಕೊಟ್ಟಿರುತ್ತಾರೆ: ಹೊಳೆಯುವ ವಸ್ತುವಿಗೆ ಇಷ್ಟು, ಮರಕ್ಕೆ ಇಷ್ಟು, ಜಿಂಕೆಗೆ ಇಷ್ಟು. ಜಿಂಕೆಯ ಅಂಕೆ ಎಲ್ಲಕ್ಕಿಂತ ಕಡಿಮೆ; ಎಷ್ಟೋ ವೇಳೆ ದೊಡ್ಡ ಅಂಕೆಯ ಅರ್ಧವೂ ಇರುವುದಿಲ್ಲ. ರೋಮದ ಮೈ ಬೆಳಕನ್ನು ಚೆನ್ನಾಗಿ ಹಿಂತಿರುಗಿಸದಿರುವುದೇ ಕಾರಣ. ನಾವು ಜಿಂಕೆಯನ್ನು ಹೊಡೆಯುವವರಲ್ಲ. ಆದರೂ ಕೊಳ್ಳುವಾಗ ನೋಡಬೇಕಾದದ್ದು ಈ ಜಿಂಕೆಯ ಅಂಕೆಯನ್ನೇ. ಅಡಿಕೆಯ ಗೊನೆ, ಕಾಫಿಯ ಎಲೆ, ಪಾಚಿ ಹಿಡಿದ ಕಾಂಡ ಇವು ಹೊಳೆಯುವ ಫಲಕಗಳಲ್ಲ. ಮಂಜು, ಮಳೆ, ಧೂಳು ಇದ್ದರೆ ಆ ಅಂಕೆಯೂ ಇಳಿಯುತ್ತದೆ.

ಇನ್ನೊಂದು ಸಂಗತಿ. ಎದುರಿಗೆ ಒಂದು ರೆಂಬೆ ಅಡ್ಡ ಬಂದರೆ ಉಪಕರಣ ರೆಂಬೆಯನ್ನು ಅಳೆಯಬೇಕೋ ಹಿಂದಿನ ಮರವನ್ನೋ? ಗಾಲ್ಫ್ ಆಟದವರ ಕ್ರಮದಲ್ಲಿ ಹತ್ತಿರದ ವಸ್ತುವಿನ ದೂರ ತೋರಿಸುತ್ತದೆ. ಬೇಟೆಯ ಕ್ರಮದಲ್ಲಿ ಹುಲ್ಲು, ಪೊದೆ, ರೆಂಬೆಗಳನ್ನು ಬಿಟ್ಟು ಹಿಂದಿನದನ್ನು ತೋರಿಸುತ್ತದೆ. ಒತ್ತಾಗಿ ಬೆಳೆದ ತೋಟದಲ್ಲಿ ನಮಗೆ ಎರಡನೆಯ ಕ್ರಮ ಅನುಕೂಲ. ಎರಡೂ ಕ್ರಮಗಳಿರುವ ಉಪಕರಣವನ್ನೇ ಕೇಳಿ ನೋಡಿ.

ತಪ್ಪಿನ ಲೆಕ್ಕ: ನಾಲ್ಕು ಕೆಲಸಗಳು

ಈಗ ಒಂದು ಮೀಟರ್ ತಪ್ಪು ನಮ್ಮ ಕೆಲಸಗಳಲ್ಲಿ ಏನು ಮಾಡುತ್ತದೆ ನೋಡೋಣ. ಉದ್ದ 100 ಮೀಟರ್, ಅಗಲ 40 ಮೀಟರ್ ಇರುವ ಒಂದು ತೋಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

1. ಬೇಲಿ. ತೋಟದ ಸುತ್ತಳತೆ 280 ಮೀಟರ್. ನಾಲ್ಕು ಬದಿಯಲ್ಲೂ ಒಂದೊಂದು ಮೀಟರ್ ತಪ್ಪಿದರೂ ಒಟ್ಟು 4 ಮೀಟರ್. ಐದು ಎಳೆ ತಂತಿಗೆ 1400 ಮೀಟರ್ ಬೇಕಾದಲ್ಲಿ 20 ಮೀಟರ್ ಹೆಚ್ಚುಕಡಿಮೆ. ಗಂಟು, ಬಿಗಿತ ಎಂದು ಹೇಗೂ ನೂರಕ್ಕೆ ಐದು ಹೆಚ್ಚು ತರುತ್ತೇವೆ. ಆದ್ದರಿಂದ ಈ ಕೆಲಸಕ್ಕೆ ರೇಂಜ್‌ಫೈಂಡರ್ ಧಾರಾಳವಾಗಿ ಸಾಕು. ಸೌರ ಬೇಲಿ ಹಾಕುವವರು ಗಮನಿಸಬೇಕು: ಬಿಟ್ಟು ಬಿಟ್ಟು ಮಿಡಿಯುವ ವಿದ್ಯುತ್ ಕೊಡುವ ಯಂತ್ರವನ್ನೇ ಜೋಡಿಸಬೇಕು. ಮನೆಯ ಲೈನಿನಿಂದ ನೇರವಾಗಿ ತಂತಿಗೆ ವಿದ್ಯುತ್ ಕೊಡುವುದು ಪ್ರಾಣಿಗೂ ಮನುಷ್ಯನಿಗೂ ಸಾವು ತರುವ ಅಪರಾಧ.

2. ನೀರು ಎತ್ತುವ ಎತ್ತರ. ಕೋನವನ್ನೂ ತೋರಿಸುವ ಉಪಕರಣವಿದ್ದರೆ ಇದು ಸುಲಭ. ಕೆಳಗಿನ ತೊಟ್ಟಿಯ ಬಳಿ ನಿಂತು, ಮೇಲಿನ ಟ್ಯಾಂಕಿನ ಬಳಿ ನಿಮ್ಮಷ್ಟೇ ಎತ್ತರದ ಒಬ್ಬರನ್ನು ನಿಲ್ಲಿಸಿ, ಅವರ ಮುಖದ ಮಟ್ಟದಲ್ಲಿ ಹಿಡಿಸಿದ ಹಲಗೆಗೆ ಗುರಿಯಿಟ್ಟಾಗ ದೂರ 120 ಮೀಟರ್, ಕೋನ 8 ಡಿಗ್ರಿ ಬಂದಿತೆನ್ನಿ. ಏರು ಸುಮಾರು 16.7 ಮೀಟರ್. ದೂರದಲ್ಲಿ ಒಂದು ಮೀಟರ್ ತಪ್ಪಿದರೆ ಏರಿನಲ್ಲಿ 14 ಸೆಂಟಿಮೀಟರ್ ಮಾತ್ರ ವ್ಯತ್ಯಾಸ. ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ 2 ಮೀಟರ್ ವ್ಯತ್ಯಾಸ. ಆದ್ದರಿಂದ ಇಲ್ಲಿ ದೂರಕ್ಕಿಂತ ಕೋನ ಮುಖ್ಯ. ಮೂರು ಸಲ ನೋಡಿ ಸರಾಸರಿ ತೆಗೆಯಬೇಕು. ಈ ಏರಿಗೆ ಕೊಳವೆಯೊಳಗಿನ ತಿಕ್ಕಾಟದ ನಷ್ಟವನ್ನೂ ಬೋರ್‌ವೆಲ್ಲಿನಲ್ಲಿ ನೀರು ನಿಂತಿರುವ ಆಳವನ್ನೂ ಕೂಡಿಸಿ ಪಂಪ್ ಆರಿಸಬೇಕು. ಬೋರ್‌ವೆಲ್ ಒಳಗೆ ಲೇಸರ್ ಬಿಟ್ಟು ಆಳ ತಿಳಿಯುವ ಪ್ರಯತ್ನ ಬೇಡ. ಕೇಸಿಂಗ್ ಪೈಪಿನ ಗೋಡೆಗೆ ಬೆಳಕು ತಾಗಿ ಸುಳ್ಳು ಅಂಕೆ ಬರುತ್ತದೆ.

3. ಅಡಿಕೆ ಗೊನೆಯ ಎತ್ತರ. ಮರ ಹತ್ತುವವರು ಸಿಗದೆ, ನೆಲದಿಂದಲೇ ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿಗಳನ್ನು ತರಿಸುವವರು ಈಗ ಹೆಚ್ಚಾಗಿದ್ದಾರೆ. ದೋಟಿ ಉದ್ದವಾದಷ್ಟೂ ಬೆಲೆ ಏರುತ್ತದೆ, ಹಿಡಿಯುವುದೂ ಕಷ್ಟವಾಗುತ್ತದೆ. 50 ಅಡಿಯದು ಸಾಕಾಗುವಲ್ಲಿ 60 ಅಡಿಯದು ತಂದರೆ ದಂಡ. 60 ಬೇಕಾದಲ್ಲಿ 50 ತಂದರೆ ಗೊನೆ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಎತ್ತರದ ಅಳತೆ ಇಲ್ಲಿ ಹಣದ ಪ್ರಶ್ನೆ.

ಮರದ ಬುಡದಿಂದ 15 ಮೀಟರ್ ದೂರ ನಿಂತು ಗೊನೆಗೆ ಗುರಿಯಿಟ್ಟಾಗ 21 ಮೀಟರ್ ಬಂದಿತೆನ್ನಿ. 21ರ ವರ್ಗದಲ್ಲಿ 15ರ ವರ್ಗ ಕಳೆದರೆ 216. ಅದರ ವರ್ಗಮೂಲ 14.7. ಅದಕ್ಕೆ ನಮ್ಮ ಕಣ್ಣಿನ ಎತ್ತರ 1.5 ಕೂಡಿಸಿದರೆ 16.2 ಮೀಟರ್, ಅಂದರೆ 53 ಅಡಿ. ಆದರೆ ಉಪಕರಣದ ತಪ್ಪು ಒಂದು ಮೀಟರ್. ನಿಜವಾದ ದೂರ 20 ಇದ್ದರೆ ಎತ್ತರ 48 ಅಡಿ. 22 ಇದ್ದರೆ 58 ಅಡಿ ಹತ್ತಿರ. ಹತ್ತು ಅಡಿ ಅಂತರ! ಯಾವ ದೋಟಿ ತರಬೇಕೆಂಬುದು ಇದರಿಂದ ನಿರ್ಧಾರವಾಗುವುದಿಲ್ಲ.

ಇದಕ್ಕಿಂತ ಉತ್ತಮವಾದ ಉಪಾಯ ಖರ್ಚಿಲ್ಲದ್ದು. ಒಂದು ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿ. ಮಡಿಸಿದ ಅಂಚು 45 ಡಿಗ್ರಿ ಕೋನ ಕೊಡುತ್ತದೆ. ಕೆಳಗಿನ ಅಂಚನ್ನು ನೆಲಕ್ಕೆ ಸಮನಾಗಿ ಕಣ್ಣಿನ ಬಳಿ ಹಿಡಿದು, ಮಡಿಸಿದ ಅಂಚಿನ ನೇರಕ್ಕೆ ಗೊನೆ ಕಾಣುವವರೆಗೆ ಹಿಂದೆ ಸರಿಯಿರಿ. ಅಲ್ಲಿಂದ ಬುಡದವರೆಗೆ ಟೇಪಿನಲ್ಲಿ ಅಳೆದು, ಕಣ್ಣಿನ ಎತ್ತರ ಕೂಡಿಸಿದರೆ ಅದೇ ಗೊನೆಯ ಎತ್ತರ. ನೆಲ ಮಟ್ಟವಾಗಿರಬೇಕು, ಅಷ್ಟೆ. ಕೋನ ತೋರಿಸುವ ಉಪಕರಣವಿದ್ದವರು ಬುಡದ ದೂರವನ್ನು ಟೇಪಿನಿಂದಲೂ ಕೋನವನ್ನು ಉಪಕರಣದಿಂದಲೂ ತೆಗೆದುಕೊಂಡರೆ ತಪ್ಪು ಅರ್ಧ ಮೀಟರಿಗೆ ಇಳಿಯುತ್ತದೆ. ಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರಗಳಿಗೆ ಏಣಿ ಆರಿಸುವಾಗಲೂ ಇದೇ ಕ್ರಮ ಸಾಕು.

4. ಗಡಿ. ನಮ್ಮ ತೋಟ 100ಕ್ಕೆ 40 ಮೀಟರ್, ಅಂದರೆ 4000 ಚದರ ಮೀಟರ್. ಒಂದು ಗುಂಟೆ ಎಂದರೆ 33 ಅಡಿ ಚೌಕ, ಸುಮಾರು 101 ಚದರ ಮೀಟರ್. ಲೆಕ್ಕಕ್ಕೆ ಮೂವತ್ತೊಂಬತ್ತೂವರೆ ಗುಂಟೆ. ಈಗ ಅಗಲದ ಅಳತೆಯಲ್ಲಿ ಒಂದು ಮೀಟರ್ ತಪ್ಪಿತೆನ್ನಿ. 100 ಚದರ ಮೀಟರ್ ವ್ಯತ್ಯಾಸ! ಒಂದು ಮೀಟರ್ ತಪ್ಪಿದರೆ ಹೆಚ್ಚುಕಡಿಮೆ ಒಂದು ಗುಂಟೆಯೇ ಆಚೆ ಈಚೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಅಷ್ಟರಲ್ಲಿ 13 ಅಡಿಕೆ ಗಿಡ ಹಿಡಿಯುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಈ ಭಾಗದಲ್ಲಿ ಒಂದು ಗುಂಟೆಯ ಬೆಲೆ ಏನಾಗಿದೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಅಣ್ಣತಮ್ಮಂದಿರ ಭಾಗದಲ್ಲಿ, ಪಕ್ಕದ ಹೊಲದವರೊಡನೆ ವ್ಯಾಜ್ಯದಲ್ಲಿ, ಇಂತಹ ಉಪಕರಣದ ಅಂಕೆ ಹಿಡಿದುಕೊಂಡು ಕಲ್ಲು ಕಿತ್ತು ನೆಡುವುದು ಸರ್ವಥಾ ಕೂಡದು. ಫೋನಿನಲ್ಲಿ ನಡೆದು ಅಳೆಯುವ ಕ್ರಮವೂ ಅಷ್ಟೆ. ಬಯಲಿನಲ್ಲೇ ಕೆಲವು ಮೀಟರ್ ತಪ್ಪುತ್ತದೆ, ಮರದ ಕೆಳಗೆ ಇನ್ನೂ ಹೆಚ್ಚು. ಗಡಿಯ ಸಂದೇಹವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ಕಾರಿ ಭೂಮಾಪಕರಿಂದಲೇ ಅಳತೆ ಮಾಡಿಸಬೇಕು. ಮಾರಾಟಕ್ಕೆ, ವಿಭಾಗಕ್ಕೆ 11ಇ ನಕ್ಷೆ ಬೇಕಾಗುತ್ತದೆ. ಭೂಮಾಪಕರು ತರುವ ಟೋಟಲ್ ಸ್ಟೇಷನ್ ಕೂಡ ಬೆಳಕಿನಿಂದಲೇ ಅಳೆಯುತ್ತದೆ ನಿಜ. ಆದರೆ ಅದು ಮುಕ್ಕಾಲಿಯ ಮೇಲೆ ಕದಲದೆ ನಿಂತಿರುತ್ತದೆ, ಎದುರಿಗೆ ಬೆಳಕನ್ನು ಹಿಂತಿರುಗಿಸುವ ಗಾಜು ಇರುತ್ತದೆ, ಕೋನವನ್ನು ಸೂಕ್ಷ್ಮವಾಗಿ ಅಳೆಯುತ್ತದೆ. ಕೈಯಲ್ಲಿ ಹಿಡಿದ ಬೇಟೆಯ ಉಪಕರಣವನ್ನು ಅದಕ್ಕೆ ಹೋಲಿಸಲಾಗದು.

ಹಿಂದಿನವರ ಎಚ್ಚರ

ಅಳತೆಯ ಉಪಕರಣವನ್ನು ನಂಬುವ ಮೊದಲು ಪರೀಕ್ಷಿಸಬೇಕೆಂಬುದಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಉದಾಹರಣೆ ಇದೆ. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಸರ್ವೆ ಕೈಗೊಂಡರು. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಒಂದು ಆಧಾರ ರೇಖೆಯನ್ನು ಅವರು ಅಳೆದರು. ಅವರ ಬಳಿ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ; ಎರಡೂವರೆ ಅಡಿಯ 40 ಕೊಂಡಿಗಳು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಶಾಖಮಾಪಕವಿಟ್ಟು ಲೆಕ್ಕ ತಿದ್ದಿದರು. ಎಳೆದೆಳೆದು ಸರಪಳಿ ಸವೆದು ಉದ್ದವಾಗುವುದರಿಂದ ಬೇರೊಂದು ಸರಪಳಿಗೆ ಹೋಲಿಸಿ ನೋಡುತ್ತಿದ್ದರು. ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ತಳಪಾಯವಾದದ್ದು ಈ ಎಚ್ಚರವೇ.

ಅಂಗಡಿಯಲ್ಲಿ ನಾವೂ ಇಷ್ಟನ್ನು ಮಾಡಬಹುದು. 30 ಮೀಟರಿನ ಒಳ್ಳೆಯ ಟೇಪನ್ನು ಜೊತೆಗೆ ಕೊಂಡೊಯ್ಯಿರಿ. ಅಂಗಡಿಯ ಒಳಗೆ ಬೇಡ, ಹೊರಗೆ ಬಿಸಿಲಿಗೆ ತರಿಸಿ. ಟೇಪಿನಿಂದ 10, 20, 30 ಮೀಟರ್ ಗುರುತು ಮಾಡಿ, ಮರದ ಕಾಂಡ ಅಥವಾ ಮಾಸಿದ ಗೋಡೆಗೆ ಒಂದೊಂದು ಕಡೆಯಿಂದ ಐದೈದು ಸಲ ಅಳೆಯಿರಿ. ಐದೂ ಅಂಕೆ ಬರೆದುಕೊಳ್ಳಿ. ಎಲ್ಲವೂ ಒಂದೇ ಸಮನೆ ಹೆಚ್ಚು ಬಂದರೆ ಅಷ್ಟನ್ನು ಕಳೆದು ಉಪಯೋಗಿಸಬಹುದು. ಒಂದೊಂದು ಸಲ ಒಂದೊಂದು ಬಂದರೆ ಅದನ್ನು ತಿದ್ದಲಾಗದು. ಅಂತಹುದನ್ನು ಬಿಡುವುದೇ ಲೇಸು. ಅಂಕೆಯ ಮುಂದೆ ದಶಮಾಂಶ ತೋರಿಸಿದ ಮಾತ್ರಕ್ಕೆ ಅಳತೆ ನಿಖರವೆಂದು ತಿಳಿಯಬಾರದು. 21.3 ಎಂದು ತೋರಿಸುವ ಉಪಕರಣವೂ ಒಂದು ಮೀಟರ್ ತಪ್ಪಬಹುದು.

ಎಚ್ಚರಿಕೆಗಳು

ಈ ಉಪಕರಣದಿಂದ ಸೂರ್ಯನನ್ನು ನೋಡಲೇಬಾರದು, ಕಣ್ಣು ಹೋಗುತ್ತದೆ. ಉಪಕರಣದ ಮೇಲೆ ಲೇಸರ್ ವರ್ಗ ಬರೆದಿರುತ್ತದೆ. ರೇಂಜ್‌ಫೈಂಡರ್ 1ನೇ ವರ್ಗದ್ದು, ಮೇಸ್ತ್ರಿಗಳ ಮೀಟರ್ 2ನೇ ವರ್ಗದ್ದು ಇರಬೇಕು. ವರ್ಗ ಬರೆದಿಲ್ಲದ ಸಾಮಾನು ಬೇಡ. ಕೆಂಪು ಚುಕ್ಕೆಯನ್ನು ಯಾರ ಕಣ್ಣಿಗೂ ಬಿಡಬಾರದು. ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ವಿಮಾನಗಳು ತಗ್ಗಿನಲ್ಲಿ ಹಾರುತ್ತವೆ. ಅವುಗಳ ಕಡೆಗೆ ಯಾವ ಲೇಸರನ್ನೂ ತಿರುಗಿಸಕೂಡದು; ಅದು ಅಪಾಯ ಮಾತ್ರವಲ್ಲ, ಅಪರಾಧ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ತೇವ ಹೀರುವ ಪೊಟ್ಟಣದೊಡನೆ ಬಿಗಿ ಡಬ್ಬಿಯಲ್ಲಿಡಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಸೆಲ್ ತೆಗೆದಿಡಬೇಕು.

ಕೊನೆಯ ಮಾತು

ಒಂದೆರಡು ಎಕರೆಯ ಬೆಳೆಗಾರನಿಗೆ ವರ್ಷದಲ್ಲಿ ಈ ಉಪಕರಣದ ಕೆಲಸ ನಾಲ್ಕಾರು ದಿನ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಒಬ್ಬೊಬ್ಬರೂ ಕೊಳ್ಳುವ ಬದಲು ಹತ್ತು ಹದಿನೈದು ಮಂದಿ ಕೂಡಿ, ಅಥವಾ ಸಂಘದ ಮೂಲಕ, ಕೋನ ತೋರಿಸುವ ಒಂದು ರೇಂಜ್‌ಫೈಂಡರನ್ನು ತಂದಿಟ್ಟುಕೊಂಡು ಸರದಿಯಂತೆ ಉಪಯೋಗಿಸುವುದು ಲಾಭಕರವೆಂದು ನಮ್ಮ ಅಭಿಪ್ರಾಯ. ಸ್ವಂತಕ್ಕೆ ಒಂದು ಬೇಕೇ ಬೇಕು ಎನ್ನುವವರಿಗೆ ಮೇಸ್ತ್ರಿಗಳ ಲೇಸರ್ ಮೀಟರ್ ಮತ್ತು ಒಂದು ಟೇಪು ಸಾಕು. ಮುಂದಿನ ಸಭೆಗೆ ಬರುವ ಸದಸ್ಯರು ತಮ್ಮ ತೋಟದಲ್ಲಿ ಯಾವ ಯಾವ ಅಳತೆಗಳು ಬೇಕಾಗಿವೆ, ಪ್ರತಿಯೊಂದರಲ್ಲೂ ಎಷ್ಟು ತಪ್ಪಾದರೆ ನಷ್ಟವಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಂದರೆ, ಯಾವ ಉಪಕರಣ ತರಿಸಬೇಕೆಂದು ಕುಳಿತು ನಿರ್ಧರಿಸಲು ಅನುಕೂಲವಾಗುತ್ತದೆ.

ಅಭ್ಯಾಸ: ಮಟ್ಟವಾದ ನೆಲದಲ್ಲಿ ಕಾಗದದ ಉಪಾಯದಿಂದ ಗೊನೆ ನೋಡಿದಾಗ ಬುಡಕ್ಕೆ 12 ಮೀಟರ್ ಬಂದಿದೆ. ಕಣ್ಣಿನ ಎತ್ತರ 1.5 ಮೀಟರ್. ಗೊನೆಯ ಎತ್ತರ ಎಷ್ಟು ಅಡಿ? (ಉತ್ತರ: 13.5 ಮೀಟರ್, ಸುಮಾರು 44 ಅಡಿ.)